ಹಕ್ಕಿ ಓಡಿಸುವ ಕೂಲಿ

“ಬಡೀರೇ ಮುಂಡೇವಾ, ಕೈಗೆ ಲಕ್ವ ಹೊಡೆದಿದೆಯಾ?” ಏರಿಯ ಮೇಲೆ ನಿಂತಿದ್ದ ಮೇಸ್ತ್ರಿ ಉಗಿದ.

ಕೆಸರವ್ವ ಡಬ್ಬ ಬಡಿದಳು. ಪಕ್ಕದಲ್ಲಿ ಸೊಸೆಯೂ ಕೇರಿಯ ಹೆಂಗಸರೂ ಬಡಿದರು. ತಗ್ಗಿಗೆ ಇಳಿಯಬಂದ ಕೊಕ್ಕರೆಗಳು, ಉದ್ದಗಾಲಿನ ಸಣ್ಣ ಹಕ್ಕಿಗಳು ಕಾಲು ಚಾಚಿ, ನೆಲ ಮುಟ್ಟದೆ ಮತ್ತೆ ಮೇಲೆದ್ದವು. ಬೆಳಗಿನಿಂದ ಹೀಗೇ.

ಮಳೆಗಾಲದಲ್ಲಿ ಆ ತಗ್ಗು ಕೆರೆ, ಬೇಸಗೆಯಲ್ಲಿ ಬಯಲು. ನಡುವೆ ನೀರು ಇಂಗಿ ಮೊಣಕಾಲಿಗಿಳಿದಾಗ ಮಾತ್ರ ಅದು ಅನ್ನದ ತಟ್ಟೆ. ಹಕ್ಕಿಗಳು ಎಲ್ಲೆಲ್ಲಿಂದಲೋ ಬರುತ್ತಿದ್ದವು. ಕೇರಿಯ ಹೆಂಗಸರು ಬುಟ್ಟಿ ಹಿಡಿದು ಮೀನು, ಚಿಪ್ಪಿನೊಳಗಿನ ಗುಳ್ಳೆಹುಳ ಆರಿಸಲು ಇಳಿಯುತ್ತಿದ್ದರು. ಈಗ ಧಣಿ ಅದಕ್ಕೆ ಮಣ್ಣು ತುಂಬಿಸಲು ಹೊರಟಿದ್ದ. ಇವತ್ತು ಅಪ್ಪಣೆ ಕೊಡುವ ಸರ್ಕಾರದ ಸಾಹೇಬರು ಜಾಗ ನೋಡಲು ಬರುವವರಿದ್ದರು. ಹಕ್ಕಿ ಕಂಡರೆ ತಡೆ, ಕಾಣದಿದ್ದರೆ ಅಪ್ಪಣೆ. ತಮ್ಮ ಬಾಯಿಗೆ ತಾವೇ ಮಣ್ಣು ಹಾಕಿಕೊಳ್ಳುವ ಕೂಲಿ. ಒಲ್ಲೆ ಅನ್ನೋಣವೆಂದರೆ ಗುಡಿಸಲುಗಳಿದ್ದದ್ದು ಧಣಿಯ ಜಾಗದಲ್ಲಿ.

“ಅತ್ತೆ, ಆ ಹಕ್ಕಿ ಎದೆಮೂಳೆ ನೋಡಿ,” ಸೊಸೆ ಮೆಲ್ಲಗೆ ಅಂದಳು. “ಹಾರಿ ಹಾರಿ ಒಣಗಿ ಹೋಗಿದೆ.”

“ಇಲ್ಲಿ ಮೇಯ್ದರೆ ತಾನೇ ಮುಂದಕ್ಕೆ ಹಾರೋದು. ಇನ್ನೆಲ್ಲಿದೆ ಕೆಸರು ಅವಕ್ಕೆ?”

“ನಮಗೆಲ್ಲಿದೆ?”

ಕೆಸರವ್ವ ಮತ್ತೆ ಡಬ್ಬ ಬಡಿದಳು. ಒಂದು ಹಕ್ಕಿ ಸೋತು ಏರಿಯ ಮೇಲೇ ಬಿದ್ದಿತು. ಧಣಿ ಬಂದು ಅದನ್ನು ಬೂಟಿನ ತುದಿಯಿಂದ ತಳ್ಳಿದ.

“ನಾಳೆ ಮಣ್ಣು ಹೊರೋ ಕೆಲಸಾನೂ ನಿಮಗೇ ಕೊಡ್ತೀನಿ. ಹುಳ ತಿನ್ನೋ ಜಾತಿ, ಇನ್ಮೇಲಾದ್ರೂ ಮನುಷ್ಯರ ಥರ ಬದುಕ್ರಿ.”

ಮೇಸ್ತ್ರಿ ಹಲ್ಲುಕಿರಿದ. “ಕಾಲು ತೊಳ್ಕೊಂಡು, ಅಲ್ವಾ ಧಣಿ.”

ದೂರದಲ್ಲಿ ಸಾಹೇಬರ ಜೀಪಿನ ಧೂಳು ಎದ್ದಿತು.

ಕೆಸರವ್ವ ಡಬ್ಬ ಕೆಳಗಿಟ್ಟಳು. ಸೀರೆ ಎತ್ತಿ ಕಟ್ಟಿ ತಗ್ಗಿಗಿಳಿದಳು.

“ಎಲ್ಲಿಗೇ ಸಾಯ್ತೀಯ?”

“ಕೆಲಸಕ್ಕೆ, ಮೇಸ್ತ್ರಿ.”

ಗುಳ್ಳೆ ಎಬ್ಬಿಸುವಾಗ ತುಳಿಯುವ ಹಾಗೆ, ಹಿಮ್ಮಡಿ ಊರಿ, ಸುತ್ತಲೂ ಕೆಸರು ಕಲಕತೊಡಗಿದಳು. ಸೊಸೆ ಇಳಿದಳು. ಒಬ್ಬೊಬ್ಬರಾಗಿ ಉಳಿದವರೂ. ತಳದ ಹುಳುಹುಪ್ಪಟೆ ಮೇಲೆದ್ದವು. ಸದ್ದಡಗಿದ ತಗ್ಗಿಗೆ ಮೊದಲು ಒಂದು ಕೊಕ್ಕರೆ ಇಳಿಯಿತು. ಆಮೇಲೆ ಆಕಾಶವೇ ಇಳಿಯಿತು. ಹೆಂಗಸರ ಕಾಲ ಸುತ್ತ ಕೊಕ್ಕುಗಳು ಕುಕ್ಕಿದವು.

ಧಣಿ ಒಂದು ಹೆಜ್ಜೆಯಿಟ್ಟ. ಬೂಟು ಹೂತಿತು, ಕಿತ್ತುಕೊಂಡು ಹಿಂದೆ ಸರಿದ. ಮೇಸ್ತ್ರಿಗೆ ಕಣ್ಸನ್ನೆ ಮಾಡಿದ.

ಏರಿಯ ಮೇಲೆ ಕಾದಿದ್ದ ಧಣಿಯ ಆಳುಗಳು ದೊಣ್ಣೆ ಹಿಡಿದು, ಚಪ್ಪಲಿ ಬಿಟ್ಟು ಕೆಸರಿಗಿಳಿದರು. ಏರಿಯಾಚೆ ಜೀಪು ನಿಂತಿತು. ಅದರ ಗಾಜು ಏರಿಸಿಯೇ ಇತ್ತು, ಬಾಗಿಲು ತೆರೆಯಲಿಲ್ಲ.

“ತಿರುಗಿ ನೋಡಬೇಡ, ತುಳಿ,” ಅಂದಳು ಕೆಸರವ್ವ ಸೊಸೆಗೆ.