ಹಾಲಿನಲ್ಲಿ ಈಜು

ಇದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಒಂದು ತಲೆನೋವು. "ಈ ವಾರ ವಿಶೇಷವೇನೂ ಇಲ್ಲ" ಎಂದು ಶುರು ಮಾಡಿದರೆ ನೀವು ಅಲ್ಲೇ ಜಾಗ ಖಾಲಿ ಮಾಡುತ್ತೀರಿ. "ನಮ್ಮನೆ ಹಾಲಿನಲ್ಲಿ ಅರವತ್ತು ದಾಟಿದ ಗಂಡಸೊಬ್ಬರು ಬೋರಲು ಮಲಗಿ ಕಾಲು ಬಡಿಯುತ್ತಿದ್ದಾರೆ" ಎಂದು ಶುರು ಮಾಡಿದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡಬಹುದು. (ಹಾಲು ಅಂದರೆ ಕುಡಿಯುವ ಹಾಲಲ್ಲ, ಸೋಫಾ ಇಟ್ಟಿರುವ ಹಾಲು. ಕನ್ನಡದಲ್ಲಿ ಬರೆಯುವವರ ಕರ್ಮ, ಏನು ಮಾಡೋಣ.)

ಮೇಲಾಗಿ "ನಾನು" ಎಂದು ಬರೆಯುವ ಹಾಗಿಲ್ಲ. ಅದು ತಮ್ಮನ ಷರತ್ತು.

"ನೀನು ನಾನು ನಾನು ಅಂತ ಬರೆದಾಗಲೆಲ್ಲ ತಪ್ಪು ನಂದೇ ಆಗಿರುತ್ತೆ. ಈ ಸಲ ನಿನ್ನನ್ನೂ ಸ್ವಲ್ಪ ಹೊರಗಡೆಯಿಂದ ನೋಡಿ ಬರಿ."

ಸರಿ ಮಾರಾಯ. ಇಲ್ಲಿಂದ ಮುಂದೆ ಬರೆಯುವವಳ ಹೆಸರು ಅಕ್ಕ. ಅವಳಿಗೂ ನನಗೂ ಸಂಬಂಧವಿಲ್ಲ.

1

ಅಕ್ಕನ ಕೆಲಸ ಸುದ್ದಿ ಅನುವಾದ. ಮೂರನೇ ಮಹಡಿಯ ಫ್ಲಾಟಿನ ಊಟದ ಮೇಜೇ ಅವಳ ಆಫೀಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಚಿವರು ವಿಷಾದಿಸುತ್ತಾರೆ, ಪ್ರತಿಪಕ್ಷ ಖಂಡಿಸುತ್ತದೆ, ಚಂಡಮಾರುತ ದುರ್ಬಲಗೊಳ್ಳುತ್ತದೆ, ತನಿಖೆ ಚುರುಕುಗೊಳ್ಳುತ್ತದೆ. ಇವೆಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ತಿರುಗಿಸಿ ಅವಳ ಕುತ್ತಿಗೆಯೇ ಒಂದು ಕಡೆಗೆ ತಿರುಗಿಹೋಗಿದೆ. ಭಾನುವಾರ ಮಾತ್ರ ಅವಳು ತನ್ನ ಮಾತು ಬರೆಯುತ್ತಾಳೆ. ಒಂದು ಆನ್‌ಲೈನ್ ಪತ್ರಿಕೆಯಲ್ಲಿ "ಈ ವಾರ ನಮ್ಮನೆ" ಎಂಬ ಅಂಕಣ. ಕೆಟ್ಟ ಲಿಫ್ಟು, ಸೋರುವ ನಲ್ಲಿ, ಲೋಕದ ಸುದ್ದಿಯ ಬಗ್ಗೆ ಒಂದಿಷ್ಟು ಗೊಣಗಾಟ. (ಗಂಡನಿಂದ ಬೇರೆಯಾದ ವಿಷಯ ಹಳೆಯ ಕಂತುಗಳಲ್ಲಿದೆ. ಬೇಕಾದವರು ಹುಡುಕಿಕೊಳ್ಳಿ. ಈ ಕಥೆಗೆ ಅವನು ಬೇಕಿಲ್ಲ. ಆ ಕಥೆಗೂ ಬೇಕಿರಲಿಲ್ಲ.)

ಈ ಬೇಸಿಗೆಯಲ್ಲಿ ಜಲಾಶಯ ತಳ ಕಂಡಿತು. "ಮುಂದಿನ ಆದೇಶದವರೆಗೆ ಎಲ್ಲ ಈಜುಕೊಳಗಳನ್ನು ಮುಚ್ಚತಕ್ಕದ್ದು" ಎಂಬ ಸುದ್ದಿಯನ್ನು ಅನುವಾದ ಮಾಡಿದವಳು ಅಕ್ಕನೇ. "ಮುಚ್ಚತಕ್ಕದ್ದು" ಸರಿಯೋ "ಮುಚ್ಚಬೇಕು" ಸರಿಯೋ ಎಂದು ತಲೆ ಕೆರೆದುಕೊಂಡಳೇ ಹೊರತು, ಆ ವಾಕ್ಯದೊಳಗೆ ತನ್ನ ತಮ್ಮ ಇದ್ದಾನೆಂದು ಅವಳಿಗೆ ಹೊಳೆಯಲೇ ಇಲ್ಲ. ಸಂಜೆ ಬಾಗಿಲು ತೆರೆದರೆ ಎದುರಿಗೆ ಈಜು ಮಾಸ್ತರ. ಕೈಯಲ್ಲೊಂದು ಬ್ಯಾಗು, ಕುತ್ತಿಗೆಯಲ್ಲಿ ಸೀಟಿ.

"ಒಂದೇ ಒಂದು ವಾರ ಅಕ್ಕಾ."

2

ಎಷ್ಟು ವಾರವಾಯಿತು ಎಂದು ಕೇಳಬೇಡಿ. ಅಕ್ಕನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಸೋಫಾ ಅವನದಾಯಿತು. ಅವನ ಒಗೆಯುವ ಬಟ್ಟೆ ಕುರ್ಚಿಗಳಿಗೆಲ್ಲ ಹಬ್ಬಿತು. ಅಕ್ಕ ಪ್ರಧಾನಮಂತ್ರಿಗಳ ಭಾಷಣವನ್ನು ಅನುವಾದಿಸುತ್ತಿದ್ದರೆ ಪಕ್ಕದಲ್ಲಿ ಅವನು ಯಾವುದೋ ಈಜು ಸ್ಪರ್ಧೆಯ ವಿಡಿಯೋ ನೋಡುತ್ತಾ "ಮೊಣಕೈ, ಮೊಣಕೈ! ಅಯ್ಯೋ ಪೆದ್ದೇ" ಎಂದು ಕೂಗುತ್ತಿದ್ದ. ಒಮ್ಮೆ ಪ್ರಧಾನಿಗಳ ಬಾಯಿಯಲ್ಲಿ ಮೊಣಕೈ ಸೇರಿಹೋಗಿತ್ತು. ಕಳಿಸುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ.

"ಯಾವುದೋ ಕಂಪನಿಯಲ್ಲಿ ಫೋನ್ ಎತ್ತೋ ಕೆಲಸ ಇದೆಯಂತೆ ಕಣೋ. ಹೋಗಿ ಕೇಳಬಾರದಾ?"

"ನಾನು ಈಜು ಕಲಿಸೋನು."

"ನೀರೇ ಇಲ್ವಲ್ಲೋ!"

"ನೀರು ಅರ್ಧ ಅಷ್ಟೇ ಅಕ್ಕ. ಮಿಕ್ಕಿದ್ದು ಕೈಕಾಲು, ಉಸಿರು."

"ಹಾಗಿದ್ರೆ ಆ ಮಿಕ್ಕಿದ್ದನ್ನ ಇಲ್ಲೇ ಕಲಿಸಪ್ಪಾ, ನನ್ನ ಹಾಲಿನಲ್ಲೇ!"

ಅದು ವ್ಯಂಗ್ಯ. ಓದುಗರಾದ ನಿಮಗೆ ತಕ್ಷಣ ತಿಳಿಯಿತು. ಅವನಿಗೆ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನ ನಡುವೆ ಉದ್ದನೆಯ ಬೆಂಚು ಬಂದಿತ್ತು, ಅದರ ಮೇಲೆ ಅಕ್ಕನ ಹಾಸಿಗೆಯನ್ನು ಮಡಚಿ ಕಟ್ಟಲಾಗಿತ್ತು, ಎದುರುಮನೆಯ ನರ್ಸಮ್ಮ ಅದರ ಮೇಲೆ ಬೋರಲು ಮಲಗಿ ಕೈ ಬೀಸುತ್ತಿದ್ದಳು. ಬೆಂಚಿನ ತುದಿಗೆ ಸ್ಟೂಲು, ಸ್ಟೂಲಿನ ಮೇಲೆ ಬೋಗುಣಿ, ಬೋಗುಣಿಯಲ್ಲಿ ಒಂದು ಚೊಂಬು ನೀರು. ಮುಖ ಮುಳುಗಿಸಿ ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳುವುದು. ಪಾಠ ಮುಗಿದ ಮೇಲೆ ಆ ನೀರು ಬಾಲ್ಕನಿಯ ಗಿಡಕ್ಕೆ.

"ತಲೆ ಎತ್ತಬೇಡಿ! ತಲೆ ಎತ್ತಿದ್ರೆ ಕಾಲು ಮುಳುಗುತ್ತೆ!" ತಮ್ಮನ ಸೀಟಿ.

ಅಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು ಬೇರೆ ಯಾವುದೋ ದೇಶದ ಪ್ರವಾಹವನ್ನು ಅನುವಾದಿಸಿದಳು.

ಮತ್ತೆ 2

(3 ಆಗಬೇಕಿತ್ತು. 3ರಲ್ಲಿ ತಮ್ಮನ ಗೊರಕೆಯ ವರ್ಣನೆ ಇತ್ತು, ಸೊಗಸಾಗಿಯೂ ಇತ್ತು. ಅವನು ಓದಿ ಅಳಿಸಿಹಾಕಿದ.)

ಈಗ ಸೆಕ್ರೆಟರಿಯವರನ್ನು ಕರೆತರಬೇಕು. ಕಟ್ಟಡದ ಸಂಘದ ಸೆಕ್ರೆಟರಿ, ಅಕ್ಕನ ಮನೆಗೆ ಸರಿಯಾಗಿ ಕೆಳಗಿನ ಫ್ಲಾಟು. ಬ್ಯಾಂಕಿನಿಂದ ನಿವೃತ್ತರು, ಒಂಟಿ ಜೀವ. ದಿನ ಬೆಳಗಾದರೆ ಗ್ರೂಪಿನಲ್ಲಿ ಅವರ ಸೂಚನೆಗಳು. "ನೀರು ಬಂದಾಗ ಹಿಡಿದಿಡದವರು ಆಮೇಲೆ ದೂರತಕ್ಕದ್ದಲ್ಲ." "ಲಿಫ್ಟಿನಲ್ಲಿ ಒದ್ದೆ ಛತ್ರಿ ಮಡಚುವ ಸರಿಯಾದ ಕ್ರಮ." ಮಳೆಯೇ ಇಲ್ಲದ ವರ್ಷದಲ್ಲಿ ಒದ್ದೆ ಛತ್ರಿ! ಅಕ್ಕ ಅವರನ್ನು ತನ್ನ ಅಂಕಣದಲ್ಲಿ ಸಾಕಷ್ಟು ಸಲ ಗೇಲಿ ಮಾಡಿದ್ದಾಳೆ. ಓದುಗರಿಗೆ ಇಷ್ಟವಾದ ಪಾತ್ರ ಅದು.

ಅವರು ಬಂದು ಗಂಟೆ ಒತ್ತಿದಾಗ ಅಕ್ಕನಿಗೆ ನಿಜಕ್ಕೂ ಖುಷಿಯಾಯಿತು. ಈ ವಾರದ ಕಂತು ತಾನಾಗಿಯೇ ಮೆಟ್ಟಿಲು ಹತ್ತಿ ಬಂದಿದೆ!

"ಏನ್ರೀ ಇದು, ನನ್ನ ತಲೆ ಮೇಲೆ ದಬದಬ ಅಂತ?"

"ಈಜು ಸರ್," ಎಂದ ತಮ್ಮ.

"ಈಜಾ? ನೀರು?"

"ಇಲ್ಲ ಸರ್."

"ಇಲ್ಲ ಅಂದ್ರೆ?"

"ಬೋಗುಣಿಲಿ ಒಂದು ಚೊಂಬು ಇದೆ, ಅಷ್ಟೇ. ಅದೂ ಗಿಡಕ್ಕೆ ಹೋಗುತ್ತೆ."

ಸ್ಫೋಟ ಆಗುತ್ತದೆ ಎಂದು ಅಕ್ಕ ಕಾದಳು. ಅದಕ್ಕೆ ತಕ್ಕ ವಾಕ್ಯವೂ ಸಿದ್ಧವಿತ್ತು. ಸೆಕ್ರೆಟರಿಯವರು ಹೊಸ್ತಿಲಲ್ಲೇ ನಿಂತು ಬೆಂಚನ್ನು ನೋಡಿದರು, ನರ್ಸಮ್ಮನ ಕಾಲುಗಳನ್ನು ನೋಡಿದರು, ಬೋಗುಣಿಯನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ನೀರಿಗೆ ಇಳೀದೇನೇ ಎಷ್ಟು ಕಲೀಬಹುದು?"

ಮರುದಿನ ಅವರೇ ಮೊದಲು ಬಂದರು. ಕಂಕುಳಲ್ಲಿ ಸ್ವಂತ ದಿಂಬು.

4

ಇಲ್ಲಿ ಕಥೆ ಅಕ್ಕನ ಕೈ ತಪ್ಪಿತು.

ಸೆಕ್ರೆಟರಿಯವರು ತಪ್ಪದೆ ಬರತೊಡಗಿದರು. ಉಳಿದವರಿಗೆಲ್ಲ ಸೂಚನೆ ಕೊಡುವ ಆ ಮನುಷ್ಯ ತಮ್ಮನ ಮಾತನ್ನು ಮರುಮಾತಿಲ್ಲದೆ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ಹಾಲಿನಿಂದ ಅವರ ದನಿ ಕೇಳಿಸಿತು. ಬೆಂಚಿನಿಂದ ತಲೆ ಇಳಿಬಿಟ್ಟುಕೊಂಡೇ, ನೆಲಕ್ಕೆ ಹೇಳುವ ಹಾಗೆ ಹೇಳಿದರು:

"ನನ್ನಣ್ಣ ಹೊಳೇಲಿ ಹೋದ. ನಾನು ದಡದಲ್ಲಿದ್ದೆ."

ಅಷ್ಟೇ. ಮತ್ತೆ ಕಾಲು ಬಡಿಯುವ ಸದ್ದು.

ಅಕ್ಕ ಟೀ ಅಲ್ಲೇ ಬಿಟ್ಟು ಮೇಜಿನ ಮುಂದೆ ಕೂತು ಬರೆದಳು. ಹುಡುಗನೊಬ್ಬ ದಡದಲ್ಲಿ ಕಲ್ಲಾಗಿ ನಿಂತಿದ್ದ. ಹೊಳೆ ನಿರ್ದಯವಾಗಿ ಹರಿಯುತ್ತಿತ್ತು. ಇಷ್ಟು ವರ್ಷಗಳ ಮೇಲೆ ಅವನ ಕಣ್ಣಿನಿಂದ ಜಾರಿದ ಒಂದು ಹನಿ ಬೋಗುಣಿಯ ನೀರಿಗೆ ಬಿತ್ತು. ಆ ಹನಿಯ ವಾಕ್ಯವನ್ನು ಅವಳು ಮತ್ತೆ ಮತ್ತೆ ಓದಿಕೊಂಡಳು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ತಮ್ಮ ಓದಿ ಮುಖ ಕಿವುಚಿದ.

"ಇದನ್ನ ಹಾಕಬೇಡ."

"ಯಾಕೆ? ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಅದೇ ತೊಂದರೆ. ಅದು ಅವರ ವಿಷಯ ಅಕ್ಕ."

"ನನ್ನ ಹಾಲಿನಲ್ಲಿ ನಡೆದಿದ್ದು ನನ್ನ ವಿಷಯ. ಬಾಡಿಗೆ ಕಟ್ಟೋಳು ನಾನು, ಹಾಸಿಗೆ ನಂದು, ಬೋಗುಣಿ ನಂದು!"

"ಹಾಗಿದ್ರೆ ನಮ್ಮ ಪೂಲಿಗೆ ಬಂದು ನೀರು ಕುಡಿದೋರೆಲ್ಲ ನನ್ನ ಸ್ವತ್ತಾ?"

ಜಗಳ ಜೋರಾಯಿತು. ಸೋಫಾದ ವಿಷಯ ಬಂತು, ಗ್ಯಾಸಿನ ವಿಷಯ ಬಂತು, ಚಿಕ್ಕಂದಿನಲ್ಲಿ ಯಾರು ಯಾರ ಸೈಕಲ್ ಮುರಿದರು ಎನ್ನುವುದೂ ಬಂತು. ಕೊನೆಗೆ ತಮ್ಮ ಬಾಗಿಲು ತೆರೆದು, "ಅಷ್ಟು ಧೈರ್ಯ ಇದ್ರೆ ಕೆಳಗೆ ಹೋಗಿ ಅವರಿಗೇ ತೋರಿಸು" ಎಂದ.

ಧೈರ್ಯ ಇರಲಿಲ್ಲ. ಸಿಟ್ಟು ಇತ್ತು. ಅದರಲ್ಲೇ ಇಳಿದುಹೋದಳು.

5

ಸೆಕ್ರೆಟರಿಯವರು ಕನ್ನಡಕ ಹಣೆಗೇರಿಸಿ, ಅವಳ ಫೋನನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ಮೊದಲು ಕಾಗುಣಿತ ತಿದ್ದಿದರು. ಆಮೇಲೆ ಹೇಳಿದರು:

"ನಾನು ಅಳಲಿಲ್ಲ."

"ಅದು ಸರ್, ಕಥೆಗೆ ಸ್ವಲ್ಪ..."

"ನಿಂತೂ ಇರಲಿಲ್ಲ. ದಡದುದ್ದಕ್ಕೂ ಓಡ್ತಾ ಇದ್ದೆ. ಸುಮ್ಮನಿದ್ದಿದ್ರೆ ಪರವಾಗಿರಲಿಲ್ಲ. ಕೂಗ್ತಾ ಇದ್ದೆ. 'ತಲೆ ಎತ್ತು, ತಲೆ ಎತ್ತು' ಅಂತ. ನನಗೇ ಈಜು ಬರಲ್ಲ, ಅವನಿಗೆ ಹೇಳಿಕೊಡ್ತಿದ್ದೆ."

ಅಕ್ಕ ಫೋನಿಗೆ ಕೈ ಚಾಚಿದಳು, ಅವರು ಇನ್ನೂ ಕೊಡಲಿಲ್ಲ.

"ಅವನಿಗೆ ಕೇಳಿಸ್ತಾ ಇತ್ತಮ್ಮ. ನಾನು ಹೇಳಿದ ಹಾಗೇ ಮಾಡ್ತಾ ಇದ್ದ. ಎತ್ತು ಅಂದಾಗಲೆಲ್ಲ ಎತ್ತಿದ." ಅವರು ಫೋನನ್ನು ಅವಳ ಕಡೆ ಚಾಚಿದರು. "ನಾನು ಹೇಳಿದ್ದು ಸರಿನಾ ತಪ್ಪಾ ಅಂತ ಯಾರನ್ನ ಕೇಳೋದು? ನೀರಿನ ಹತ್ತಿರ ಹೋಗೋಕಾಗಲ್ಲ ನನಗೆ. ನಿಮ್ಮ ಮನೇಲಿ ನೀರಿರಲಿಲ್ಲ, ಅದಕ್ಕೇ ಬಂದೆ. ಬಂದ ಮೊದಲನೇ ದಿನಾನೇ ನಿಮ್ಮ ತಮ್ಮ ಹೇಳಿದ್ರು."

ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ಅದನ್ನು ಕೇಳಿದ ಮೇಲೂ ಆ ಮನುಷ್ಯ ದಿನಾ ದಿಂಬು ಹಿಡಿದು ಬರುತ್ತಿದ್ದರು, ಮತ್ತೆ ಮತ್ತೆ ಅದೇ ಮಾತು ಕೇಳಿಸಿಕೊಳ್ಳುತ್ತಿದ್ದರು.

(ಇಲ್ಲಿ ಒಂದು ಒಳ್ಳೆಯ ವಾಕ್ಯ ಬೇಕು. ಅಕ್ಕನ ಹತ್ತಿರ ಇಲ್ಲ. ಆ ಹನಿಯ ವಾಕ್ಯವನ್ನು ಅವಳು ಮೆಟ್ಟಿಲ ಮೇಲೇ ಅಳಿಸಿದಳು.)

ಮೇಲೆ ಬಂದು ತಮ್ಮನಿಗೆ ಹೇಳಿದಳು. ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತ. ಸಂಜೆ ತಾನೇ ಕೆಳಗೆ ಹೋದ. ಏನು ಹೇಳಿದೆ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ ಸರ್ ಅಂದೆ. ನಾನು ಹೊಳೇಲಿ ಕಲಿಸಿದವನಲ್ಲ ಅಂದೆ" ಎಂದ.

"ಅಷ್ಟೇನಾ? ನಿಮ್ಮ ತಪ್ಪಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ಗೊತ್ತಿಲ್ಲದೆ ದಡದಲ್ಲಿ ನಿಂತು ನಾನೂ ಕೂಗಬೇಕಿತ್ತಾ ಅಕ್ಕ?"

ಸೋಫಾದ ಮೇಲೆ ಮಲಗಿ ಚಿಪ್ಸ್ ತಿನ್ನುವ ಈ ಪ್ರಾಣಿಯ ಬಾಯಿಂದ ಇಂಥ ಮಾತು ಬರಬಹುದೆಂದು ಅಕ್ಕ ಅಂದುಕೊಂಡಿರಲಿಲ್ಲ. ಅವನನ್ನು ಹೊಗಳಲು ಮನಸ್ಸಾಯಿತು. "ಒದ್ದೆ ಟವೆಲ್ ಕುರ್ಚಿ ಮೇಲಿಂದ ತೆಗಿ" ಎಂದಳು.

6

ಮಳೆ ಬಂತು. (ಬರಲೇಬೇಕಲ್ಲ. ಬೆಂಚಿನ ಮೇಲೇ ಕಥೆಯನ್ನು ಎಷ್ಟು ದಿನ ಎಳೆಯುವುದು?) ಜಲಾಶಯ ತುಂಬುತ್ತಿದೆ, ಈಜುಕೊಳ ತೆರೆಯಲು ಅನುಮತಿ ಎಂಬ ಸುದ್ದಿ ಪರದೆಯ ಮೇಲೆ ಬಂದಾಗ ಅಕ್ಕ ಅನುವಾದವನ್ನು ಅರ್ಧಕ್ಕೇ ಬಿಟ್ಟು "ಲೋ! ಎದ್ದೇಳೋ!" ಎಂದು ಕೂಗಿದಳು. ಎರಡೇ ದಿನದಲ್ಲಿ ತಮ್ಮ ಬ್ಯಾಗು ಕಟ್ಟಿದ. ಸೋಫಾ ಖಾಲಿಯಾಯಿತು. ಅಕ್ಕ ಅದರ ಮೇಲೆ ಕೂತು ನೋಡಿದಳು. ಅವನ ಆಕಾರದ್ದೇ ತಗ್ಗು. ಅದಕ್ಕೂ ಸಿಟ್ಟು ಬಂತು.

ಸೆಕ್ರೆಟರಿಯವರು ಮಾತ್ರ ಕೊಳಕ್ಕೆ ಬರುವುದಿಲ್ಲ ಎಂದರು. "ನನಗೆ ಇಷ್ಟು ಸಾಕು. ಬೆಂಚನ್ನ ನನ್ನ ಮನೇಲಿ ಇಟ್ಕೋತೀನಿ."

ಹಾಗಾಗಿ ಮುಕ್ತಾಯವನ್ನು ಅಕ್ಕ ತಾನೇ ಕಟ್ಟಬೇಕಾಯಿತು.

ಮೊದಲ ಮುಕ್ತಾಯ: ಸೆಕ್ರೆಟರಿಯವರು ಕೊಳದ ಈ ತುದಿಯಿಂದ ಆ ತುದಿಗೆ ಈಜುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಮ್ಮ ಫೋನಿನಲ್ಲೇ ನಕ್ಕ. "ಎದೆಮಟ್ಟದ ನೀರಿಗೆ ಯಾರೂ ಚಪ್ಪಾಳೆ ತಟ್ಟಲ್ಲ ಅಕ್ಕ."

ಇನ್ನೊಂದು: ಅವರು ಕೊನೆಗೂ ಬರುವುದಿಲ್ಲ. ಕಿಟಕಿಯಲ್ಲಿ ನಿಂತು ಮಳೆ ನೋಡುತ್ತಾರೆ, ಎಲ್ಲವನ್ನೂ ಕ್ಷಮಿಸುತ್ತಾರೆ. ಇದನ್ನು ಅಕ್ಕ ಕೆಳಗೆ ಹೋಗಿ ಓದಿ ಹೇಳಿದಳು.

"ಯಾರನ್ನ ಕ್ಷಮಿಸ್ತೀನಿ? ಮಳೇನಾ?" ಸೆಕ್ರೆಟರಿಯವರು ಉರಿದುಬಿದ್ದರು. "ಹೆದರಿ ಮನೇಲಿ ಕೂತ ಅಂತ ಬರೆದು ಊರಿಗೆಲ್ಲ ಹಂಚ್ತೀರಾ? ಯಾವಾಗ ಹೊರಡಬೇಕು ಹೇಳ್ರೀ."

ಅವಳು ಬರೆದ ಯಾವ ಸಾಲೂ ಇದುವರೆಗೆ ಯಾರನ್ನೂ ಹೀಗೆ ಎಬ್ಬಿಸಿರಲಿಲ್ಲ. ಅದೂ ಕೆಟ್ಟ ಸಾಲು!

ಇನ್ನು ನಿಜಕ್ಕೂ ನಡೆದದ್ದು.

ಕೊಳದ ಬಾಗಿಲಲ್ಲೇ ಅವರು ಸೋರುತ್ತಿದ್ದ ಶವರ್ ಕಂಡು ಅಲ್ಲಿನ ಸಿಬ್ಬಂದಿಯನ್ನು ತರಾಟೆಗೆ ತೆಗೆದುಕೊಂಡರು. ಆ ಬೈಗುಳ ಬೇಕೆಂದೇ ಉದ್ದವಾಯಿತು. ಆಮೇಲೆ ಹೊಸ ಚಡ್ಡಿ, ಬಿಗಿ ಟೋಪಿ ತೊಟ್ಟು ಹೊರಬಂದರು. ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಇಳಿದರು. ತಮ್ಮ ನೀರಿನಲ್ಲೇ ಅವರ ಪಕ್ಕ ನಿಂತ. ಅಕ್ಕ ಅಂಚಿನಲ್ಲಿ, ಕೈಯಲ್ಲಿ ಫೋನು.

"ಮುಖ ಇಡಿ ಸರ್. ತಲೆ ಎತ್ತಬೇಡಿ."

ಇಟ್ಟರು. ಕಂಬಿ ಬಿಟ್ಟರು. ಎರಡು ಸಲ ಕೈ ಹಾಕಿದ್ದೇ ತಡ, ಧಡಕ್ಕನೆ ಎದ್ದು ನಿಂತು ಕೆಮ್ಮಿ, ಉಗುಳಿ, ಕೆಂಗಣ್ಣು ಬಿಟ್ಟರು.

"ಇದು ನೀವು ಕಲಿಸಿದ ನೀರಲ್ಲ ಕಣ್ರೀ!"

ತಮ್ಮ ನಗಲಿಲ್ಲ. "ಅಲ್ಲ ಸರ್. ಇನ್ನೊಂದ್ಸಲ?"

ಅವರು ಉಸಿರು ಸುಧಾರಿಸಿಕೊಂಡರು. "ಈ ಸಲ ತಲೆ ಎತ್ತಿ ನೋಡ್ತೀನಿ. ನೀವು ಹಿಡ್ಕೋಬಾರದು."

ತಮ್ಮ ಅಕ್ಕನ ಕಡೆ ಒಮ್ಮೆ ನೋಡಿದ. ಆಮೇಲೆ, "ಸರಿ ಸರ್, ಇಲ್ಲೇ ಇರ್ತೀನಿ" ಎಂದು ಅವರ ಹೊಟ್ಟೆಯ ಕೆಳಗೆ, ಮುಟ್ಟದ ಹಾಗೆ, ನೀರಿನಲ್ಲಿ ಕೈ ಚಾಚಿ ನಿಂತ.

ಸೆಕ್ರೆಟರಿಯವರು ಮುಂದಕ್ಕೆ ಬಾಗಿ ತೇಲಿದರು. ಒಂದು ಕೈ, ಇನ್ನೊಂದು ಕೈ. ಕುತ್ತಿಗೆಯ ನರ ಬಿಗಿದು ತಲೆ ಮೇಲೆದ್ದಿತು. ಬಾಯಿ ಅಗಲವಾಗಿ ತೆರೆಯಿತು. ಕಾಲು ನಿಧಾನವಾಗಿ ಕೆಳಗಿಳಿಯಿತು, ಪಾದ ನೆಲ ಮುಟ್ಟಿತು. ಎದೆಮಟ್ಟದ ನೀರಿನಲ್ಲಿ ಅವರು ನಿಂತೇ ಇದ್ದರು. ಕೊಳದ ಆ ಬದಿಯಲ್ಲಿ ಯಾರೋ ನಗುತ್ತಾ ನೀರಿಗೆ ಹಾರಿದರು, ಆ ಅಲೆ ಬಂದು ಇವರ ಭುಜಕ್ಕೆ ಬಡಿಯಿತು.

"ಕಾಲು ಮುಳುಗುತ್ತೆ, ನಿಜ," ಎಂದರು ಕೊನೆಗೆ. ಯಾರಿಗೆ ಎಂದು ತಿಳಿಯಲಿಲ್ಲ. "ಆದ್ರೆ ಉಸಿರು ಸಿಗುತ್ತೆ. ಒಂದು ಉಸಿರು ಸಿಗುತ್ತೆ."

ಅಕ್ಕನ ಬೆರಳು ಆಗಲೇ ಪರದೆಯ ಮೇಲೆ ಓಡುತ್ತಿತ್ತು.

"ಏನ್ ಬರೀತಿದ್ದೀರಿ?"

"ಕೊನೆ, ಸರ್."

"ನಾನಿನ್ನೂ ನೀರಲ್ಲೇ ಇದ್ದೀನಲ್ಲಮ್ಮ! ಆಗಲೇ ಹೇಗ್ರೀ ಮುಗಿಸ್ತೀರಿ?" ಸೆಕ್ರೆಟರಿಯವರ ದನಿಯಲ್ಲಿ ಹಳೆಯ ಗದರಿಕೆ ಮರಳಿತ್ತು. ಅವರು ತಿರುಗಿ ತಮ್ಮನಿಗೆ ಹೇಳಿದರು, "ನಡೀರಿ, ಇನ್ನೊಂದ್ಸಲ."

ಮತ್ತೆ ಮುಖ ಇಟ್ಟರು. ಕಂಬಿ ಬಿಟ್ಟರು. ಅಕ್ಕ ಫೋನು ಕೆಳಗಿಟ್ಟಳು.