ಜಿಗಿಯುವ ಮೊದಲು

ಮೊದಲ ಆಟವನ್ನು ಸ್ನೇಹಾ ಸೋತಾಗ ಐಶ್ವರ್ಯಳ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು ತಿದ್ದಿ ತೀಡಿದ್ದೆಲ್ಲ ನೀರಿನಲ್ಲಿ ಹೋಮ!

ರಾಣೆಬೆನ್ನೂರಿನಲ್ಲಿ ಮಲ್ಲಿಕಸಾಬನ ಗೇಮಿನ ಅಂಗಡಿ ಅಂದು ತುಂಬಿತ್ತು. ಪರದೆಯ ಮೇಲೆ ಇಬ್ಬರು ಜಟ್ಟಿಗಳು ಬಡಿದಾಡುವ ಆಟ. ಮೂರರಲ್ಲಿ ಎರಡು ಗೆದ್ದವರು ಭಾನುವಾರ ಹಾವೇರಿಯ ಪಂದ್ಯಕ್ಕೆ. ಹದಿನಾರರೊಳಗಿನವರಿಗಷ್ಟೇ ಅವಕಾಶ, ಐಶ್ವರ್ಯಳಿಗೆ ಹತ್ತೊಂಬತ್ತು. ಅದಕ್ಕೇ ಚಿಕ್ಕಮ್ಮನ ಮಗಳು, ಹದಿಮೂರರ ಸ್ನೇಹಾಳನ್ನು ಇಳಿಸಿದ್ದಳು.

"ಹುಡುಗ್ಯಾರು ಬಟನ್ ಒತ್ತತಾರ, ಆಡೂದಿಲ್ಲ," ಎಂದ ಪಕ್ಕದ ಕುರ್ಚಿಯಲ್ಲಿದ್ದ ಎದುರಾಳಿ ಶಶಿಕಾಂತ, ಬಟ್ಟೆ ಅಂಗಡಿಯವರ ಮಗ. ಹಿಂದಕ್ಕೆ ತಿರುಗಿ, "ಅಕ್ಕಾರ, ಬ್ಯಾಡಗಿಗೆ ನಡೀರಿ. ಮೆಣಸಿನಕಾಯಿ ನಿಮ್ಮ ದಾರಿ ಕಾಯಾಕತ್ತಾವು."

ಹುಡುಗರು ಹೋ ಎಂದು ನಕ್ಕರು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಐಶ್ವರ್ಯ ತಂಗಿಯ ಕುರ್ಚಿಯನ್ನು ಬಿಗಿಯಾಗಿ ಹಿಡಿದಳು. ಸ್ನೇಹಾಳ ಕಿವಿಗೆ ಬಾಗಿದಳು.

"ಪರದೆ ಮ್ಯಾಲಿನ ಗೊಂಬಿ ಕೈ ಯಾಕ ನೋಡ್ತಿ? ಅದು ಎದ್ದಮ್ಯಾಲ ನೋಡಿದ್ರ ತಡಾತು. ಹಮಾಲ ಚೀಲ ಎತ್ತೂಕಿಂತ ಮೊದಲ ಉಸಿರು ಹಿಡಿತಾನ. ಈ ಶಶಿಕಾಂತ ಗೊಂಬಿ ಜಿಗಿಸೂಕಿಂತ ಮೊದಲ ತನ್ನ ಎಡ ಭುಜ ಏರಸ್ತಾನ. ಓರೆಗಣ್ಣಾಗ ಅದನ್ನ ನೋಡು. ಏರಿತಂದ್ರ ಮ್ಯಾಲ ಹೊಡಿ. ಏರಲಿಲ್ಲಂದ್ರ ಕೆಳಗ ಕಾಲು ಬೀಸ್ತಾನ, ತಡಿ."

ಎರಡನೆಯ ಆಟದಲ್ಲಿ ಭುಜ ಏರಿದಾಗಲೆಲ್ಲ ಸ್ನೇಹಾಳ ಏಟು ಮೇಲೆ ಕಾದಿರುತ್ತಿತ್ತು. ಶಶಿಕಾಂತ ಸೋತ. ಅವನ ನಗೆ ಆರಿತು.

ಮೂರನೆಯದರ ನಡುವೆ ಭುಜ ಏರಿದರೂ ಸ್ನೇಹಾಳ ಬೆರಳು ತಡವರಿಸಿತು. ಐಶ್ವರ್ಯ ತಡೆಯಲಾರದೆ ಕಿರುಚಿದಳು: "ಜಿಗಿತಾನ! ಮ್ಯಾಲ ಹೊಡಿ!"

ಶಶಿಕಾಂತನಿಗೂ ಕೇಳಿತು. ಅವನು ಜಿಗಿಯಲಿಲ್ಲ, ಕಾಲು ಬೀಸಿದ. ಸ್ನೇಹಾಳ ಜಟ್ಟಿ ಉರುಳಿದ. ಐಶ್ವರ್ಯ ಮತ್ತೊಮ್ಮೆ ಕಿರುಚಿದಾಗಲೂ ಹಾಗೇ ಆಯಿತು.

"ಅಕ್ಕಾರ, ಹಿಂಗ ಹೇಳಿಕೊಡ್ತಾ ಇರ್ರಿ!"

ತಾನೇ ಗುಟ್ಟು ಬಿಟ್ಟುಕೊಟ್ಟೆನೆಂದು ಐಶ್ವರ್ಯಳ ಮೈ ಉರಿಯಿತು. ತುಟಿ ಕಚ್ಚಿ ನಿಂತಳು. ಒಂದೆರಡು ಏಟು ಬಿದ್ದರೆ ಸ್ನೇಹಾಳ ಆಟ ಮುಗಿದಂತೆ.

"ಯಾಕ ಸುಮ್ಮನಾದಿ ಅಕ್ಕಾ? ಹೇಳ ಮತ್ತ!" ಸ್ನೇಹಾ ಪರದೆಯಿಂದ ಕಣ್ಣು ಕೀಳದೆ ಕೆಣಕಿದಳು.

ಹೇಳಿದ್ದು ಒಂದೂ ತಲೆಗೆ ಹೋಗಿಲ್ಲ, ಮೇಲೆ ಸೊಕ್ಕು ಬೇರೆ! ಭುಜ ಏರಿತು. "ಜಿಗಿತಾನ ನೋಡ, ಕತ್ತೆ!" ಐಶ್ವರ್ಯ ಒದರಿದಳು.

ಶಶಿಕಾಂತ ಕಾಲು ಬೀಸಿದ. ಸ್ನೇಹಾ ಕೆಳಗೆ ತಡೆದು ನಿಂತಿದ್ದಳು, ತಿರುಗಿ ಕೊಟ್ಟಳು. ಐಶ್ವರ್ಯ ಒದರಿದಳು, ಅವನು ಬೀಸಿದ, ಸ್ನೇಹಾ ತಡೆದು ಬಡಿದಳು. ಮೂರನೆಯ ಸಲಕ್ಕೆ ಅವನ ಜಟ್ಟಿ ಅಂಗಾತ ಬಿದ್ದ.

"ಮೋಸ! ಅಕ್ಕ ತಂಗಿ ಕೂಡಿ ಆಡ್ಯಾರ!"

"ಕೇಳಿ ಕೇಳಿ ಆಡಿದಾಂವ ನೀನ ಅಲ್ಲೇನೋ?" ಎಂದ ಮಲ್ಲಿಕಸಾಬ, ಸ್ನೇಹಾಳ ಹೆಸರು ಬರೆದುಕೊಂಡು.

ಹೊರಗೆ ಬಂದಾಗಲೂ ಐಶ್ವರ್ಯಳ ಮುಖ ಕೆಂಡವಾಗಿತ್ತು. "ಬೇಕಂತ ಒದರಿಸಿದಿಯೇನ ನನ್ನ?"

"ನೀ ಸಿಟ್ಟಾದ್ರ ನನ್ನ ಕುರ್ಚಿ ಬಿಗಿ ಹಿಡಿತಿ. ಆಮ್ಯಾಲ ಒದರತಿ. ನೀ ಒದರಿದ್ರ ಅಂವ ಉಲ್ಟಾ ಮಾಡ್ತಾನ. ಇಬ್ಬರನ್ನೂ ನೋಡಾಕತ್ತಿದ್ದೆ."

"ಹಾವೇರ್ಯಾಗ ಬಾಯಿ ಹೊಲಕೊಂಡು ಕುಂದರತೇನಿ, ತಿಳ್ಕೊ!"

"ಬ್ಯಾಡಕ್ಕಾ, ಒದರು. ಅಲ್ಲಿಯವರಿಗೆ ನಿನ್ನ ಗುರ್ತಿಲ್ಲ, ಅವರೂ ಕೇಳಿ ಉಲ್ಟಾ ಆಡ್ತಾರ."