ಮೊದಲ ಮನೆಯ ಹೊಸ್ತಿಲು

ವಿಲೋಬೆಂಚ್ ಊರಿನ ಮೊದಲ ಮನೆಯನ್ನು ಲವಾರ್ ಟೂಸನ್ ಒಬ್ಬನೇ ಬೆನ್ನ ಮೇಲೆ ಹೊತ್ತು ಕಣಿವೆಯಿಂದ ಇಳಿಸಿದ್ದ. ಹೊತ್ತಾಗ ಮನೆಯೊಳಗೆ ಒಲೆ ಉರಿಯುತ್ತಿತ್ತು, ಒಲೆಯ ಮೇಲೆ ಬಟಾಣಿ ಸಾರು ಕುದಿಯುತ್ತಿತ್ತು, ಊರ ನಡುವಿನ ಚೌಕದಲ್ಲಿ ಇಳಿಸುವ ತನಕ ಒಂದು ತೊಟ್ಟು ಕೂಡ ತುಳುಕಲಿಲ್ಲ.

"ಸೌಟು ಸಹ ಅಲುಗಾಡ್ಲಿಲ್ಲ ಕಣಯ್ಯಾ," ಎನ್ನುತ್ತ ಲವಾರ್ ಅದೇ ಮನೆಯ ಹೊಸ್ತಿಲಿನ ಕೆಳಗೆ ಹಾರೆ ತೂರಿಸಿದ. ಮಂಡಿಯೂರಿ ಕೂತಿದ್ದ. ಮಂಡಿ ಮಾತ್ರ ನಿಜವಾಗಿಯೂ ನೋಯುತ್ತಿತ್ತು.

ಹಿಂದೆ ನಿಂತಿದ್ದ ಬಿಷಪ್ ಡ್ವೇನ್ ಗಡಿಯಾರ ನೋಡಿಕೊಂಡ. ವಾರವೆಲ್ಲ ಟೈರು ಅಂಗಡಿ ನಡೆಸಿ, ಭಾನುವಾರ ಊರಿನ ಆತ್ಮಗಳನ್ನು ನಡೆಸುವವನು ಅವನು. ಕಪ್ಪು ಕೋಟು ಹಾಕಿದ್ದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

"ಸಾರು ಆಮೇಲೆ ಕುಡಿಯೋಣ ಬ್ರದರ್ ಲವಾರ್. ಇನ್ನೇನು ಶವಪೆಟ್ಟಿಗೆ ಮುಚ್ಚೋ ಹೊತ್ತಾಯ್ತು. ಹಲಗೆ ಬರುತ್ತೋ ಇಲ್ವೋ?"

"ಬರಲ್ಲ. ಹಿರಿಯರು ಹೊಡೆದ ಮೊಳೆ ಇದು. ಇಪ್ಪತ್ತು ಕುದುರೆ ಕಟ್ಟಿ ಎಳೆದ್ರೂ ಭೂಮಿ ಕಿತ್ತು ಬರುತ್ತೆ ಹೊರತು ಹಲಗೆ ಬರಲ್ಲ. ಬಿಟ್ಬಿಡೋಣ. ಸ್ಮಾರಕ ಅಲ್ವಾ? ಮುಟ್ಟಬಾರದು."

"ಸರೀರಿ ಆಕಡೆ," ಎಂದು ಬಿಷಪ್ ಹಾರೆಯನ್ನು ಕಸಿದು ಒಮ್ಮೆ ಒತ್ತಿದ. ಹಲಗೆ ಹಾಲುಹಲ್ಲಿನಂತೆ ಕಿತ್ತು ಬಂತು. "ಇಪ್ಪತ್ತೊಂದನೇ ಕುದುರೆ ನಾನೇ ಇರಬೇಕು."

ಆ ಹಲಗೆಯನ್ನು ಕೇಳಿದ್ದವಳು ಸತ್ತುಹೋಗಿದ್ದಳು. ಆರ್ವಿಲ್ಲಾ ಬೆಕ್, ಮದುವೆಯಾದ ವರ್ಷದಿಂದ ಹಾಸಿಗೆ ಹಿಡಿಯುವವರೆಗೂ ಈ ಮರದ ಮನೆಯ ಬೀಗದ ಕೈ ಇಟ್ಟುಕೊಂಡಿದ್ದವಳು, ಸಾಯುವ ಮೊದಲು ಮಗಳಿಗೆ ಒಂದೇ ಮಾತು ಹೇಳಿದ್ದಳು. ಊರಿನ ಸ್ಮಶಾನದಲ್ಲಿ ಎಲ್ಲರನ್ನೂ ಪೂರ್ವಕ್ಕೆ ಕಾಲು ಮಾಡಿಯೇ ಮಲಗಿಸುತ್ತಾರೆ. ಪುನರುತ್ಥಾನದ ಬೆಳಿಗ್ಗೆ ಎದ್ದು ನಿಂತರೆ ಎದುರಿಗೇ ಸೂರ್ಯ. "ಎದ್ದ ತಕ್ಷಣ ನನ್ನ ಪಾದ ಕಿರ್ಸ್ಟೀನ್ ಮುತ್ತಜ್ಜಿಯ ಹೊಸ್ತಿಲ ಮೇಲಿರ್ಬೇಕು. ಅವಳು ನನ್ನನ್ನ ಗುರುತು ಹಿಡೀಬೇಕು," ಎಂದಿದ್ದಳು ಆರ್ವಿಲ್ಲಾ.

ಮಗಳು ಜನೀಲ್ ಬಂದು ಹಲಗೆಯನ್ನು ತಾಯಿಯ ಹಳೆಯ ಮೇಜುಬಟ್ಟೆಯಲ್ಲಿ ಕೂಸಿನಂತೆ ಸುತ್ತಿಕೊಂಡಳು.

"ಈ ಮನೆ ಮೇಲೆ ನಂಗೆಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ ಲವಾರ್ ಮಾಮ? ಅಮ್ಮನಿಗೆ ಇದೇ ಹಿರಿಮಗಳು. ನನ್ನ ಲಿನೆಟ್ ಹುಟ್ಟಿದಾಗ ಅಮ್ಮ ಬರ್ಲೇ ಇಲ್ಲ. ಅವತ್ತು ಊರು ಕಟ್ಟಿದ ಹಿರಿಯರ ಹಬ್ಬ, ಬಾಗಿಲು ತೆಗೆಯೋಕೆ ಬೇರೆ ಯಾರಿದ್ದಾರೆ ಅಂದ್ಲು. ಎಷ್ಟೋ ವರ್ಷ ಸರಿಯಾಗಿ ಮಾತೇ ಆಡ್ಲಿಲ್ಲ ನಾನು." ಹಲಗೆಯನ್ನು ಎದೆಗೊತ್ತಿಕೊಂಡಳು. "ಹೋಗ್ಲಿ ಬಿಡಿ. ಅವಳ ವಂಶದವರು ಹುಟ್ಟಿದ ಮನೆ. ಅದನ್ನ ಕಾದ್ಲು. ಈಗ ಅರ್ಥ ಆಗುತ್ತೆ."

ಲವಾರನ ಬಾಯಿಯಲ್ಲಿ ಸುಳ್ಳಿಗೆ ಬರವೇ ಇರಲಿಲ್ಲ. ಹುಟ್ಟಿದಾಗ ಮೊದಲು ಅತ್ತದ್ದೂ ಉತ್ಪ್ರೇಕ್ಷೆ ಮಾಡಿಯೇ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆದರೆ ಆ ಕ್ಷಣದಲ್ಲಿ ಅವನು ಬಗ್ಗಿ, ಉದುರಿದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೇಬಿಗೆ ಹಾಕಿಕೊಂಡ.

*

ಊರಿಗೆ ನೂರು ತುಂಬಿದ ವರ್ಷ ವಿಲೋಬೆಂಚಿಗೆ ಸ್ಮಾರಕದ ಜ್ವರ ಹಿಡಿದಿತ್ತು. ಹಳೆಯ ಗಂಟೆಗೊಂದು ಕಂಚಿನ ಫಲಕ, ಕಾಳಿನ ಕಣಜಕ್ಕೊಂದು, ಮೊದಲ ತಂಡದ ನಾಯಕ ರೊಟ್ಟಿ ತಿನ್ನಲು ಕೂತಿದ್ದ ಬಂಡೆಗೊಂದು. ಇನ್ನೊಂದು ದಿನ ಸಿಕ್ಕಿದ್ದರೆ ಓಡಾಡುವ ಮುದುಕರಿಗೂ ಫಲಕ ಹೊಡೆದುಬಿಡುತ್ತಿದ್ದರು. ಉಳಿದದ್ದು ಕಿರ್ಸ್ಟೀನ್ ಎಂಬ ಡೇನಿಶ್ ಹೆಂಗಸು ಮೊದಲ ಚಳಿಗಾಲದಲ್ಲಿ ಮಗು ಹೆತ್ತಿದ್ದ, ಮರದ ಆ ಮೊದಲ ಮನೆ. ಅದು ದೂರದ ಕಣಿವೆಯಲ್ಲಿ ಕುರಿಗಾಹಿಗಳ ಪಾಲಾಗಿತ್ತು. ಬಿಚ್ಚಿ, ತಂದು, ಚೌಕದಲ್ಲಿ ಮತ್ತೆ ಜೋಡಿಸುವ ಕೆಲಸ ಸಮಿತಿಯವರು ಲವಾರನಿಗೆ ಕೊಟ್ಟರು. ಅವನ ಹತ್ತಿರ ಹೊಸ ಲಾರಿ ಇತ್ತು, ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ.

"ಎರಡು ಹಗ್ಗ ಕಟ್ಟು," ಎಂದಿದ್ದ ಸಮಿತಿಯ ಮುದುಕ.

"ನನ್ನ ಗಂಟಿಗೆ ಒಂದೇ ಸಾಕು. ನೋಹನ ಹಡಗನ್ನೇ ಕಟ್ಟಿ ನಿಲ್ಲಿಸಬಹುದು," ಎಂದಿದ್ದ ಲವಾರ್.

ಹಿಮ ಕರಗಿ ಹೊಳೆ ತುಂಬಿ ಹರಿಯುತ್ತಿತ್ತು. ದಾಟುವಾಗ ಲಾರಿಯ ಒಂದು ಚಕ್ರ ಕುಸಿಯಿತು, ಹಗ್ಗ ಹರಿಯಿತು, ದಿಮ್ಮಿಗಳು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ, ನೀರಿಗಿಳಿದವು. ಅವನು ದಡದ ಮೇಲೆ ಓಡಿದ. ಬಾಗಿಲ ಚೌಕಟ್ಟು ಒಮ್ಮೆ ತಲೆಯೆತ್ತಿತು. ಮತ್ತೆ ಕಾಣಲಿಲ್ಲ.

ಚಿಕ್ಕಪ್ಪ ನೀಲ್ಸ್‌ನ ಹಿತ್ತಿಲಿನಲ್ಲಿ ಒಂದು ಕೋಳಿಗೂಡಿತ್ತು. ಅದೇ ಜಾತಿಯ ದಿಮ್ಮಿ, ಅದೇ ಬೂದು ಬಣ್ಣ, ಹೆಚ್ಚೂಕಡಿಮೆ ಅದೇ ಅಳತೆ. ಚಿಕ್ಕಪ್ಪ ಮಗಳ ಊರಿಗೆ ಹೋಗಿದ್ದ. ಲವಾರ್ ಕೋಳಿಗಳನ್ನು ಹೊರಗಟ್ಟಿದ, ಗೂಡು ಬಿಚ್ಚಿದ, ಸೋಡಾ ಹಾಕಿ ಉಜ್ಜಿದ, ಚೌಕದಲ್ಲಿ ಜೋಡಿಸಿದ. ಊರಿಗೆ ಮರಳಿದ ಚಿಕ್ಕಪ್ಪನಿಗೆ ಗೂಡನ್ನು ಗಾಳಿ ಹಾರಿಸಿಕೊಂಡು ಹೋಯಿತು ಎಂದ.

ಹಬ್ಬದ ದಿನ ಬ್ಯಾಂಡು ಬಾರಿಸಿತು. ಭಾಷಣಗಳಾದವು. ಆಮೇಲೆ ಹೊಸ ಮದುಮಗಳು ಆರ್ವಿಲ್ಲಾ ಜನರನ್ನು ದಾಟಿಕೊಂಡು ಬಂದು ಬಾಗಿಲ ಕಂಬಕ್ಕೆ ಕೆನ್ನೆ ಒತ್ತಿದಳು. "ಇಲ್ಲೇ ನಮ್ಮಜ್ಜಿ ಹುಟ್ಟಿದ್ದು," ಎಂದು ಅತ್ತಳು. ಅವಳ ಕೆನ್ನೆಯ ಮೇಲೆ ಮರದ ಬೂದಿಬಣ್ಣದ ಗೆರೆ ಮೂಡಿತ್ತು.

ನಾಳೆ ಹೇಳಿಬಿಡುತ್ತೇನೆ ಎಂದುಕೊಂಡ ಲವಾರ್. ಮಾರನೆಯ ದಿನ ಅವಳಿಗೆ ಬೀಗದ ಕೈ ಕೊಟ್ಟರು. ಮುಂದಿನ ವಾರ ಕಂಚಿನ ಫಲಕ ಬಂತು, ಅಂಗೈ ಅಗಲದ ಅಕ್ಷರಗಳು. ಕಂಚಿನ ಮುಂದೆ ನಿಂತು ಏನು ಹೇಳುವುದು? ಮನೆಯನ್ನು ಹೇಗೆ ತಂದೆ ಎಂದು ಯಾರಾದರೂ ಕೇಳಿದರೆ ಬಾಯಿಗೆ ಬಂದದ್ದನ್ನು ಹೇಳಿ ನಗಿಸಿ ಕಳಿಸುತ್ತಿದ್ದ.

*

ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ಬಿಳಿಯ ಉಡುಪಿನಲ್ಲಿ ಆರ್ವಿಲ್ಲಾ ಬಹಳ ಚಿಕ್ಕವಳಾಗಿ ಕಾಣುತ್ತಿದ್ದಳು. ಕುಟುಂಬದ ಪ್ರಾರ್ಥನೆ ಮುಗಿದ ಮೇಲೆ ಮುಚ್ಚುವುದೆಂದು ನಿಶ್ಚಯವಾಗಿತ್ತು. ಅಡುಗೆಮನೆಯಿಂದ ಚೀಸ್ ಸುರಿದ ಆಲೂಗಡ್ಡೆಯ ವಾಸನೆ ಬರುತ್ತಿತ್ತು. ವಿಲೋಬೆಂಚಿನಲ್ಲಿ ಯಾರೇ ಸತ್ತರೂ ಅದೇ ಆಲೂಗಡ್ಡೆ, ಅದೇ ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ. ಒಂದು ಸಾವಿಗೆ ಮಾಡಿದ್ದು ಮುಂದಿನ ಮೂರು ಸಾವಿಗೆ ಆಗುವಷ್ಟು.

"ಅಕ್ಕ ಆ ಮನೆಯ ಜೇಡಕ್ಕೂ ಹೆಸರಿಟ್ಟಿದ್ಲು," ಎಂದ ಆರ್ವಿಲ್ಲಾಳ ತಮ್ಮ ಗೇಲನ್. "ಗುಡಿಸೋವಾಗ ಅದರ ಹತ್ರ ಕ್ಷಮೆ ಕೇಳ್ತಿದ್ಲು."

"ಪ್ರತಿ ವಸಂತದಲ್ಲೂ ತಾನೇ ಮಣ್ಣು ಕಲಸಿ ಸಂದಿ ಮೆತ್ತೋಳು," ಎಂದಳು ಅಡುಗೆಯ ಉಸ್ತುವಾರಿಯ ಸಿಸ್ಟರ್ ಓಲೀನ್, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. "ನಾವು ಶಾಲೆ ಮಕ್ಕಳಾಗಿ ಹೋದಾಗ ಮಳೆ ಬಂದಿತ್ತು. ಒಳಗೇನೋ ಘಾಟು ವಾಸನೆ. ಮೂಗು ಮುಚ್ಕೊಂಡ್ರೆ ಬೈದ್ಲು. ಮುಚ್ಚಬೇಡಿ, ಇದು ನಿಮ್ಮ ಹಿರಿಯರ ಬೆವರು, ಎಳ್ಕೊಳ್ಳಿ ಅಂದ್ಲು. ನಾವೆಲ್ಲ ಎಳ್ಕೊಂಡ್ವಿ."

ಲವಾರ್ ಕುರ್ಚಿಯ ತುದಿಗೆ ಜರುಗಿದ.

"ಅಲ್ಲಯ್ಯ ಲವಾರ್," ಗೇಲನ್ ಅವನ ತೊಡೆ ತಟ್ಟಿದ, "ಆ ಮನೆ ಎಳೆಯೋಕೆ ಆರು ಜೋಡಿ ಎತ್ತು ಕಟ್ಟಿದ್ದೆ ಅಂದಿದ್ಯಲ್ಲ ನಂಗೆ?"

"ಎತ್ತು? ನಂಗೆ ಹಿಮದ ಮೇಲೆ ಜಾರುಬಂಡಿ ಥರ ಜಾರಿಸ್ದೆ ಅಂದಿದ್ರು," ಎಂದಳು ಓಲೀನ್.

"ಇವತ್ತು ಬೆಳಿಗ್ಗೆ ಬೆನ್ನ ಮೇಲೆ ಬಂತು. ಸಾರಿನ ಸಮೇತ," ಎಂದ ಬಿಷಪ್.

ಸಾವಿನ ಮನೆಯೆಂಬುದನ್ನು ಮರೆತು ಎಲ್ಲರೂ ನಕ್ಕರು. ಜನೀಲ್ ನಗಲಿಲ್ಲ. ಮಡಿಲಲ್ಲಿ ಹಲಗೆ ಇಟ್ಟುಕೊಂಡು ಲವಾರನನ್ನೇ ನೋಡುತ್ತಿದ್ದಳು.

"ಲವಾರ್ ಮಾಮ, ನಿಮ್ಮ ಆ ಕರಡಿ ಕಥೇಲಿ ಯಾವ ಕಿವಿ ಕಚ್ಚಿದ್ರಿ?"

"ಎಡಗಿವಿ," ಎಂದ ಅವನು ಥಟ್ಟನೆ. "ಕಚ್ಚಿದ್ದಕ್ಕೆ ಅದು ಪಾಪ, ಕನ್ನಡಿ ನೋಡೋದೇ ಬಿಟ್ಬಿಡ್ತು."

"ನಾನು ಮಗುವಾಗಿದ್ದಾಗ್ಲೂ ಎಡಗಿವಿ. ಕನ್ನಡಿಯೂ ಇತ್ತು. ನಿಮ್ಮ ಲಾರಿ ನುಂಗಿದ ಮೀನು?"

"ಟ್ರೌಟ್. ಮುಂದಿನ ಬಂಪರ್ ಮಾತ್ರ ಉಗುಳ್ತು."

"ಅದೂ ಹಾಗೇ ಇದೆ. ನಿಮ್ಮ ಸುಳ್ಳುಗಳು ನನ್ನ ಹುಟ್ಟಿನಿಂದ ಒಂದಕ್ಷರ ಬದಲಾಗಿಲ್ಲ ಮಾಮ. ಇದೊಂದು ಮನೆ ಮಾತ್ರ ಪ್ರತಿ ಸಲ ಬೇರೆ ದಾರೀಲಿ ಬರುತ್ತೆ. ಯಾಕೆ?"

ನಗು ನಿಂತಿತು. ಶವಪೆಟ್ಟಿಗೆಯ ಅಂಗಡಿಯವನು ಮುಚ್ಚಳದ ಮೇಲೆ ಕೈಯಿಟ್ಟು ಬಿಷಪ್‌ನ ಕಡೆ ನೋಡಿದ. ಲವಾರ್ ಲೆಕ್ಕ ಹಾಕಿದ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮುಚ್ಚಳ ಬೀಳುತ್ತದೆ, ಮೇಲೆ ಮಣ್ಣು ಬೀಳುತ್ತದೆ, ಪುನರುತ್ಥಾನದವರೆಗೂ ಯಾರೂ ಕೇಳುವವರಿಲ್ಲ. ಆ ಬೆಳಿಗ್ಗೆ ಆರ್ವಿಲ್ಲಾ ಎದ್ದು ನಿಲ್ಲುತ್ತಾಳೆ. ಸೂರ್ಯನಿಗೆ ಮುಖ ಮಾಡಿ, ಕೋಳಿಗೂಡಿನ ಹಲಗೆಯ ಮೇಲೆ, ನಗುತ್ತ. ಎದುರಿಂದ ಕಿರ್ಸ್ಟೀನ್ ಬಂದು ಕೆಳಗೆ ನೋಡುತ್ತಾಳೆ.

"ಈಚೆ ಬಾ," ಎಂದು ಜನೀಲಳನ್ನು ಕೋಟು ತೂಗುಹಾಕುವ ಮೂಲೆಗೆ ಕರೆದುಕೊಂಡು ಹೋದ. ಕಿವಿಗೆ ಬಾಗಿ ಪಿಸುಗುಟ್ಟಿದ. ಲವಾರನ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಅವನ ಪಿಸುಮಾತು ಎರಡು ಬೀದಿಯಾಚೆ ಕೇಳಿಸುತ್ತದೆ ಎನ್ನುವುದು ಅವನ ವಿಷಯದಲ್ಲಿ ಊರು ಹೇಳುವ ಒಂದೇ ನಿಜ.

"ಅದು ಮನೆ ಅಲ್ಲಮ್ಮ. ಕೋಳಿಗೂಡು. ನಮ್ಮ ನೀಲ್ಸ್ ಚಿಕ್ಕಪ್ಪಂದು. ನಿಮ್ಮ ಮನೆ ಹೊಳೇಲಿ ಹೋಯ್ತು. ಎರಡು ಹಗ್ಗ ಕಟ್ಟು ಅಂದಿದ್ರು, ನಾನು ಒಂದೇ ಕಟ್ಟಿದ್ದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಓಲೀನ್ ಏಪ್ರನ್ನಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು.

"ಅಮ್ಮನಿಗೆ ಗೊತ್ತಿತ್ತಾ?" ಜನೀಲ್ ಕೇಳಿದಳು.

"ಇಲ್ಲ. ಹೇಳ್ಲಿಲ್ಲ. ಪ್ರತಿ ಶನಿವಾರ ಆ ಬಾಗಿಲ ಮುಂದೇನೇ ಹಾದು ಹೋಗ್ತಿದ್ದೆ. ಪೊರಕೆ ಹಿಡ್ಕೊಂಡೇ ಕೈ ಬೀಸ್ತಿದ್ಲು. ನಾನೂ ಬೀಸ್ತಿದ್ದೆ. ನಿನ್ನ ಲಿನೆಟ್ ಹುಟ್ಟಿದ ದಿನಾನೂ ಬೀಸಿದ್ದೆ. ಮಗಳ ಹತ್ರ ಹೋಗ್ಲಿಲ್ವಾ ಅಂತ ಕೇಳ್ದೆ. ಇದನ್ನ ಬಿಟ್ಟು ಹೆಂಗೆ ಹೋಗ್ಲಿ ಲವಾರ್ ಅಂದ್ಲು. ಹೋಗು ಅನ್ನೋಕೆ ಬಾಯಿ ತೆಗೆದೆ ಜನೀಲ್. ಅವಾಗ್ಲೂ ಹೇಳ್ಲಿಲ್ಲ."

ಜನೀಲ್ ಎದೆಗವಚಿಕೊಂಡಿದ್ದ ಹಲಗೆಯನ್ನು ಒಮ್ಮೆ ನೋಡಿದಳು.

"ಎಷ್ಟು ಕೋಳಿ ಇದ್ವು?" ಎಂದಳು ಜನೀಲ್.

ಬೇರೆ ಯಾವ ದಿನವಾದರೂ ಅವನು ನಾಲ್ಕು ಸಾವಿರ ಎನ್ನುತ್ತಿದ್ದ, ಹುಂಜವೊಂದು ಇಂಗ್ಲೆಂಡಿನ ರಾಣಿಗೆ ಕೇಳುವಂತೆ ಕೂಗುತ್ತಿತ್ತು ಎನ್ನುತ್ತಿದ್ದ.

"ಹನ್ನೊಂದು," ಎಂದ. "ಒಂದು ಕುಂಟು."

ಜನೀಲ್ ಬೆನ್ನು ತಿರುಗಿಸಿ ಪೆಟ್ಟಿಗೆಯ ಹತ್ತಿರ ಹೋದಳು. ಅವಳ ಭುಜಗಳು ಅಲುಗಾಡುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದೆ ನಿಂತವರಿಗೆ ತಿಳಿಯಲಿಲ್ಲ. ಮೇಜುಬಟ್ಟೆ ಬಿಚ್ಚಿ ಹಲಗೆಯನ್ನು, ಹಿಂದೆಯೇ ಬಂದ ಲವಾರನ ಮುಂದೆ ಹಿಡಿದಳು.

"ನೀವೇ ಇಡಿ. ಅವಳು ನಿಂತದ್ದೆಲ್ಲ ಇದರ ಮೇಲೇನೇ. ಸ್ಮಶಾನದಲ್ಲಿ ನಿಮ್ಮ ಜಾಗ ಅವಳ ಹಿಂದಿನ ಸಾಲಲ್ಲೇ ಇದೆಯಲ್ಲ. ಎದ್ದ ಮೇಲೆ ನೀವೇ ಹೋಗಿ ಹೇಳಿ. ನಾನು ಹೇಳಲ್ಲ."

ಅವನು ಬಾಗಿದ. ಬಿಳಿಯ ಚಪ್ಪಲಿಯೊಳಗಿನ ಪಾದಗಳನ್ನು ಒಂದು ಕೈಯಿಂದ ಎತ್ತಿದ. ಅವಕ್ಕೆ ತೂಕವೇ ಇರಲಿಲ್ಲ. ಹಲಗೆಯ ಅಡಿಬದಿಯಲ್ಲಿ ಸುಣ್ಣದಂತಹ ಒಂದು ಹಳೆಯ ಕೋಳಿಹಿಕ್ಕೆಯ ಕಲೆ ಕಲ್ಲಾಗಿ ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದ, ಹೋಗಲಿಲ್ಲ. ಆ ಬದಿಯನ್ನು ಕೆಳಗೆ ಮಾಡಿ ಇಟ್ಟ. ಶವಪೆಟ್ಟಿಗೆಯ ಅಂಗಡಿಯವನು ಮುಚ್ಚಳ ಎತ್ತಿಕೊಂಡ.

"ತಡಿ," ಎಂದ ಲವಾರ್. ಮತ್ತೆ ಬಾಗಿ, ಹಲಗೆಯನ್ನು ಮಗುಚಿ, ಕಲೆ ಮೇಲೆ ಬರುವಂತೆ ಅವಳ ಅಂಗಾಲಿನ ಕೆಳಗೆ ಸರಿಸಿದ.